ಸಂಸ್ಥಾಪಕರ ದಿನದ ರಕ್ತ, ಆಟಿ ತಿಂಗಳ ರೋಗಿ

ಆಗಸ್ಟ್ 15, ಅಕ್ಟೋಬರ್ 2, ಇಲ್ಲವೇ ಕಂಪನಿಯ ಸಂಸ್ಥಾಪಕರ ದಿನ. ಮಂಗಳೂರಿನ ರಕ್ತಕೇಂದ್ರದಲ್ಲಿ ಕೆಲಸ ಮಾಡುವ ನಮಗೆ ಶಿಬಿರದ ಕರೆ ಬರುವುದು ಹೆಚ್ಚಾಗಿ ಈ ದಿನಗಳಿಗೇ. ಬೈಕಂಪಾಡಿಯ ಕಾರ್ಖಾನೆಯಿರಲಿ, ನಗರದ ಐಟಿ ಕಚೇರಿಯಿರಲಿ, ಬೇಡಿಕೆ ಒಂದೇ: "ಡಾಕ್ಟರೇ, ಈ ಸಲ ಇನ್ನೂರು ಯೂನಿಟ್ ದಾಟಬೇಕು." ದುಡಿಯುವ ಊರಿಗೆ ಏನಾದರೂ ಕೊಡಬೇಕೆಂಬ ಉದ್ಯೋಗಿಗಳ ಮನಸ್ಸಿನ ಬಗ್ಗೆ ನನಗೆ ಸಂಶಯವಿಲ್ಲ. ನನ್ನ ತಕರಾರೇನಿದ್ದರೂ ಆ ದಿನಾಂಕದ ಮೇಲೆ ಮತ್ತು ಆ ಇನ್ನೂರರ ಮೇಲೆ.

ಶಿಬಿರದಿಂದ ಬಂದ ರಕ್ತವನ್ನು ಪರೀಕ್ಷಿಸಿ, ಘಟಕಗಳಾಗಿ ಬೇರ್ಪಡಿಸುತ್ತೇವೆ. ಕೆಂಪು ರಕ್ತಕಣಗಳು 2ರಿಂದ 6 ಡಿಗ್ರಿ ತಂಪಿನಲ್ಲಿ, ಚೀಲದಲ್ಲಿರುವ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಬಾಳುತ್ತವೆ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಮಂಜುಗಟ್ಟಿಸಿ ಒಂದು ವರ್ಷ ಇಡಬಹುದು. ಪೇಚಾಟವೆಲ್ಲ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳದ್ದು. 20ರಿಂದ 24 ಡಿಗ್ರಿಯಲ್ಲಿಟ್ಟು, ಯಂತ್ರದ ಮೇಲೆ ಬಿಡದೆ ಅಲುಗಾಡಿಸುತ್ತಿದ್ದರೂ ಅವುಗಳ ಆಯುಸ್ಸು ಐದೇ ದಿನ. ಅದರಲ್ಲೂ ಒಂದಿಷ್ಟು ಹೊತ್ತು ಪರೀಕ್ಷೆಗೇ ಹೋಗುತ್ತದೆ. ಒಂದೇ ದಿನ ಇನ್ನೂರು ಯೂನಿಟ್ ಬಂದರೆ, ಆ ವಾರದಲ್ಲಿ ಬೇಕಾದವರಿಗೆ ಕೊಟ್ಟು ಉಳಿದ ಪ್ಲೇಟ್‌ಲೆಟ್‌ಗಳನ್ನು ನಾವೇ ನಾಶಪಡಿಸಬೇಕಾಗುತ್ತದೆ. ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ರಕ್ತ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಅಂದರೆ ಆ ದೊಡ್ಡ ಶಿಬಿರ ಮುಗಿದ ಸಂಜೆಯಿಂದ ಇಡೀ ಕಂಪನಿ ನಮ್ಮ ಪಟ್ಟಿಯಿಂದ ಹೊರಗೆ.

ಬೇಡಿಕೆಗೋ ಹಬ್ಬದ ದಿನ ಗೊತ್ತಿಲ್ಲ. ವೆನ್ಲಾಕ್, ಲೇಡಿಗೋಶನ್ ಸರ್ಕಾರಿ ಆಸ್ಪತ್ರೆಗಳಿಗೆ ಮತ್ತು ಇಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಿಂದಲೂ ರೋಗಿಗಳು ಬರುತ್ತಾರೆ. ತೀವ್ರ ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಬದುಕಿನುದ್ದಕ್ಕೂ ರಕ್ತ ಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಲೇಜುಗಳಿಗೆ ರಜೆ. ನಮ್ಮ ದಾನಿಗಳ ದೊಡ್ಡ ಪಾಲಾದ ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ. ಉಳಿದವರು ಮದುವೆ, ನೇಮ, ಬ್ರಹ್ಮಕಲಶಗಳ ಓಡಾಟದಲ್ಲಿರುತ್ತಾರೆ. ಆಮೇಲೆ ಮಳೆ, ಅದರ ಬೆನ್ನಿಗೇ ಡೆಂಗಿ. ಆಟಿಯ (ಜುಲೈ-ಆಗಸ್ಟ್ ನಡುವಿನ ತುಳು ತಿಂಗಳು) ಜಡಿಮಳೆಯಲ್ಲಿ ರಕ್ತ ಕೊಡಲೆಂದು ಮನೆಯಿಂದ ಹೊರಡುವವರು ಕಡಿಮೆ. (ಡೆಂಗಿ ಬಂದವರಿಗೆಲ್ಲ ಪ್ಲೇಟ್‌ಲೆಟ್ ಬೇಕಾಗುವುದಿಲ್ಲ. ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ ಎಣಿಕೆ ಹತ್ತು ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಕೊಡುವುದಿಲ್ಲ. ಆದರೆ ಕ್ರಿಕೆಟ್ ಸ್ಕೋರಿನಂತೆ ಗಂಟೆಗೊಮ್ಮೆ ಎಣಿಕೆ ಕೇಳುವ ಬಂಧುಗಳಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ.)

ಹಾಗಾಗಿ ನಾನು ಕಂಪನಿಗಳಿಗೆ ಹೇಳುವುದು ಇಷ್ಟು: ಇನ್ನೂರು ಮಂದಿ ಇದ್ದರೆ ಅವರನ್ನು ಎಂಟು ತಂಡ ಮಾಡಿ, ಹದಿನೈದು ದಿನಕ್ಕೊಂದು ತಂಡ ಕಳುಹಿಸಿ. ಏಪ್ರಿಲ್‌ನಿಂದ ಶುರುವಾದರೆ ಆಟಿಯವರೆಗೆ ದಾಟಿಸಬಹುದು. ಫೋಟೋ ಚಿಕ್ಕದಾಗುತ್ತದೆ, ಬ್ಯಾನರಿನ ಖರ್ಚೂ ಉಳಿಯುತ್ತದೆ. ಓ ನೆಗೆಟಿವ್‌ನಂಥ ವಿರಳ ಗುಂಪಿನವರು ತಂಡದಲ್ಲಿ ಬರುವುದೇ ಬೇಡ. ಅವರ ಒಪ್ಪಿಗೆ ಪಡೆದು ದೂರವಾಣಿ ಸಂಖ್ಯೆ ಕೊಡಿ, ಅಗತ್ಯ ಬಿದ್ದ ದಿನ ನಾವೇ ಕರೆಯುತ್ತೇವೆ.

ಪಣಂಬೂರು, ಬೈಕಂಪಾಡಿ ಕಡೆಯ ಪಾಳಿ ಕೆಲಸದವರ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ರಾತ್ರಿ ಪಾಳಿ ಮುಗಿಸಿ ನಿದ್ದೆಯಿಲ್ಲದೆ ನೇರವಾಗಿ ಬಂದವರನ್ನು ಹಿಂದೆ ಕಳುಹಿಸುತ್ತೇನೆ. ಲಾರಿ ಚಾಲಕರು, ಎತ್ತರದಲ್ಲಿ ಅಥವಾ ಮೈಮುರಿದು ದುಡಿಯುವವರು ರಕ್ತ ಕೊಟ್ಟ ಮೇಲೆ 24 ಗಂಟೆ ಕೆಲಸಕ್ಕೆ ಇಳಿಯಬಾರದು. ಕೇಂದ್ರ ಸರ್ಕಾರಿ ನೌಕರರಿಗೆ ರಕ್ತದಾನದ ದಿನ ವಿಶೇಷ ಸಾಂದರ್ಭಿಕ ರಜೆ ಇದೆ. ಖಾಸಗಿ ಕಂಪನಿಗಳು ಟೀ ಶರ್ಟ್ ಹಂಚುವ ಬದಲು ಸಂಬಳದ ಸಹಿತ ಆ ಒಂದು ದಿನವನ್ನು ಕೊಡಲಿ.

ಎಚ್‌ಆರ್ ವಿಭಾಗದವರು ವಿಭಾಗವಾರು ಗುರಿ ಹಾಕಿಕೊಡುವುದನ್ನಂತೂ ನಿಲ್ಲಿಸಬೇಕು. ಮೇಲಧಿಕಾರಿ ಹೆಸರು ಕರೆಯುತ್ತಿರುವಾಗ ಕಳೆದ ತಿಂಗಳು ಮಲೇರಿಯಾ ಬಂದಿತ್ತೆಂದೋ, ಔಷಧಿ ತೆಗೆದುಕೊಳ್ಳುತ್ತಿದ್ದೇನೆಂದೋ ಎಷ್ಟು ಮಂದಿ ಬಾಯಿ ಬಿಡುತ್ತಾರೆ? ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷಿಸುತ್ತೇವೆ, ನಿಜ. ಆದರೆ ಸೋಂಕು ತಗಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೂ ಅದು ಸಿಗದೇ ಹೋಗಬಹುದು. ಆ ಸಮಯದಲ್ಲಿ ರೋಗಿಯನ್ನು ಕಾಪಾಡುವುದು ದಾನಿ ಹೇಳುವ ಸತ್ಯವೊಂದೇ. ಪರೀಕ್ಷೆಯ ಫಲಿತಾಂಶ ದಾನಿಗೆ ಮಾತ್ರ ತಿಳಿಯುತ್ತದೆ, ಕಚೇರಿಗೆ ಹೋಗುವುದಿಲ್ಲ ಎಂಬುದನ್ನು ಸುತ್ತೋಲೆಯ ಮೊದಲ ಸಾಲಿನಲ್ಲೇ ಬರೆಯಿರಿ.

ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತ ತೆಗೆಯುವಂತಿಲ್ಲ. ಈ ಕಾರಣಕ್ಕೆ ಸರದಿಯಿಂದ ಹೊರಬೀಳುವವರಲ್ಲಿ ಹೆಚ್ಚಿನವರು ಹೆಂಗಸರು. ರಕ್ತ ಕೊಟ್ಟವರಿಗೆ ಜ್ಯೂಸ್, ಬಿಸ್ಕತ್ತು, ಪ್ರಮಾಣಪತ್ರ. ಇವರಿಗೆ ಏನೂ ಇಲ್ಲ, ಮುಜುಗರವೊಂದನ್ನು ಬಿಟ್ಟು. ಶಿಬಿರದ ಬಜೆಟಿನಲ್ಲಿ ಇವರ ಕಬ್ಬಿಣಾಂಶದ ಪರೀಕ್ಷೆಗೂ ವೈದ್ಯರ ಸಲಹೆಗೂ ಒಂದಷ್ಟು ಹಣ ತೆಗೆದಿಡಿ. ಇವರಲ್ಲಿ ಕೆಲವರಾದರೂ ಮುಂದಿನ ಮೇ ತಿಂಗಳಿಗೆ ದಾನಿಗಳಾಗಿ ಬರುತ್ತಾರೆ.