ಹಳಿಯ ಮೇಲೋ, ಟೈರಿನ ಮೇಲೋ?

ಬೆಳೆಯುತ್ತಿರುವ ನಗರ ಲಘು ರೈಲು ಹಾಕಬೇಕೋ, ಪ್ರತ್ಯೇಕ ಪಥದಲ್ಲಿ ತ್ವರಿತ ಬಸ್ ಓಡಿಸಬೇಕೋ ಎಂಬ ಚರ್ಚೆ ಬಹುಪಾಲು ಚಕ್ರದ ಸುತ್ತಲೇ ತಿರುಗುತ್ತದೆ. ಆದರೆ ಗಂಟೆಗೆ ಎಷ್ಟು ಜನ ಸಾಗಬಲ್ಲರು ಎಂಬುದು ನಿರ್ಧಾರವಾಗುವುದು ಚಕ್ರ ಉರುಳುವಾಗಲ್ಲ, ನಿಂತಾಗ.

ಒಬ್ಬೊಬ್ಬರೇ ಮೆಟ್ಟಿಲು ಹತ್ತಿ, ಚಿಲ್ಲರೆ ಕೊಟ್ಟು, ಟಿಕೆಟ್ ಪಡೆದು ಒಳಗೆ ಸರಿಯಲು ತಲಾ ಮೂರು ಸೆಕೆಂಡ್ ಹಿಡಿದರೂ ನಲವತ್ತು ಮಂದಿಗೆ ಎರಡು ನಿಮಿಷ ಬೇಕು. ಅಷ್ಟರಲ್ಲಿ ಹಿಂದೆ ಇನ್ನೊಂದೆರಡು ಬಸ್ಸುಗಳು ಬಂದು ನಿಂತಿರುತ್ತವೆ. ಬ್ರೆಜಿಲಿನ ಕುರಿಟಿಬಾ ನಗರ, ವಾಸ್ತುಶಿಲ್ಪಿಯಾಗಿದ್ದ ಮೇಯರ್ ಜೈಮೆ ಲೆರ್ನರ್ ಅವರ ಕಾಲದಲ್ಲಿ, 1974ರಲ್ಲೇ ಬಸ್ಸಿಗೆಂದು ಪಥ ಮೀಸಲಿಟ್ಟಿತ್ತು. ಅಲ್ಲಿ 1991ರಲ್ಲಿ ಬಂದ ಕೊಳವೆಯಾಕಾರದ ನಿಲ್ದಾಣ ಈ ಎರಡು ನಿಮಿಷಕ್ಕೇ ಕತ್ತರಿ ಹಾಕಿತು. ಪ್ರಯಾಣಿಕರು ಕೊಳವೆಯೊಳಗೆ ಕಾಲಿಡುವಾಗಲೇ ಹಣ ಕೊಟ್ಟು, ಬಸ್ಸಿನ ನೆಲದಷ್ಟೇ ಎತ್ತರದ ಕಟ್ಟೆಯ ಮೇಲೆ ಕಾಯುತ್ತಾರೆ. ಬಸ್ಸು ನಿಂತೊಡನೆ ಬಾಗಿಲ ಬುಡದಿಂದ ಹಲಗೆಯೊಂದು ಬಾಗಿ ನಡುವಿನ ಸಂದನ್ನು ಮುಚ್ಚುತ್ತದೆ, ಜನ ಎಲ್ಲ ಬಾಗಿಲುಗಳಲ್ಲೂ ಹತ್ತಿ ಇಳಿಯುತ್ತಾರೆ. ಕೊಲಂಬಿಯಾದ ಬೊಗೋಟಾದಲ್ಲಿ 2000ದ ಡಿಸೆಂಬರಿನಲ್ಲಿ ಆರಂಭವಾದ ಟ್ರಾನ್ಸ್‌ಮಿಲೇನಿಯೊ, ನಿಲ್ದಾಣಗಳ ಬಳಿ ಹಿಂದಿನ ಬಸ್ಸು ಮುಂದಿನದನ್ನು ದಾಟಿ ಹೋಗಲು ಇನ್ನೊಂದು ಪಥವನ್ನೂ ಸೇರಿಸಿ, ದಟ್ಟಣೆಯ ವೇಳೆ ಒಂದೇ ದಿಕ್ಕಿನಲ್ಲಿ ಗಂಟೆಗೆ 40,000ಕ್ಕೂ ಹೆಚ್ಚು ಜನರನ್ನು ಸಾಗಿಸಿತು. ಬಸ್ಸು ಬಡವರ ರೈಲು ಎಂಬ ತಾತ್ಸಾರಕ್ಕೆ ಇಷ್ಟು ಉತ್ತರ ಸಾಕು. ಆದರೆ ಅಷ್ಟಗಲದ ರಸ್ತೆ ಎಲ್ಲ ನಗರಗಳಲ್ಲೂ ಸಿಗುವುದಿಲ್ಲ.

ದಾಟುವ ಪಥವಿಲ್ಲದ ಕಡೆ ಲೆಕ್ಕ ಬೇರೆಯಾಗುತ್ತದೆ. 160 ಜನ ಹಿಡಿಯುವ ಜೋಡುಬಸ್ಸನ್ನು ನಿಮಿಷಕ್ಕೊಂದರಂತೆ ಬಿಟ್ಟರೆ ಗಂಟೆಗೆ 9,600 ಜನ. 400 ಜನರ ರೈಲನ್ನು ಎರಡು ನಿಮಿಷಕ್ಕೊಮ್ಮೆ ಬಿಟ್ಟರೆ 12,000. ಮೊದಲನೆಯದಕ್ಕೆ ಅರವತ್ತು ಓಟಗಳು, ಎರಡನೆಯದಕ್ಕೆ ಮೂವತ್ತು. ಚಾಲಕರ ಸಂಬಳ ಹೆಚ್ಚಿರುವಲ್ಲಿ ಈ ಅಂತರ ವರ್ಷವರ್ಷವೂ ಖರ್ಚಿನ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಮೇಲಾಗಿ, ಒಂದು ಬಸ್ಸು ಸ್ವಲ್ಪ ತಡವಾದರೆ ಅದಕ್ಕಾಗಿ ಕಾದವರ ಸಂಖ್ಯೆ ಬೆಳೆದು, ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಅದು ಇನ್ನಷ್ಟು ತಡವಾಗಿ, ಹಿಂದಿನ ಖಾಲಿ ಬಸ್ಸು ಅದರ ಬೆನ್ನಿಗೇ ಬಂದು ಅಂಟಿಕೊಳ್ಳುತ್ತದೆ. ನಿಮಿಷಕ್ಕೊಂದು ಬಸ್ಸಿರುವಲ್ಲಿ ಇದು ನಿತ್ಯದ ಗೋಳು.

ರಸ್ತೆಗೂ ಅದರ ಪಾಲಿನ ಪೆಟ್ಟಿದೆ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ಪರೀಕ್ಷೆಯಿಂದ ಹೊರಬಂದ ನಿಯಮದ ಪ್ರಕಾರ ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟಾಗುತ್ತದೆ. ಬಸ್ಸುಗಳು ಒಂದೇ ಜಾಡಿನಲ್ಲಿ ಓಡಿ, ಒಂದೇ ಜಾಗದಲ್ಲಿ ಬ್ರೇಕ್ ಹಾಕುವುದರಿಂದ ಡಾಂಬರು ನಿಲ್ದಾಣದೆದುರು ಹಳ್ಳಬಿದ್ದು ಕೂರುತ್ತದೆ. ಕಾಂಕ್ರೀಟ್ ಹಾಕಿದ್ದ ಬೊಗೋಟಾದಲ್ಲೂ ಹಾಸುಗಳು ಕೆಲವೇ ವರ್ಷಗಳಲ್ಲಿ ಬಿರುಕುಬಿಟ್ಟವು. ಉಕ್ಕಿನ ಹಳಿ ಹಾಕುವುದು ದುಬಾರಿ, ಆದರೆ ಅದರ ಮೇಲೆ ಉರುಳುವ ಉಕ್ಕಿನ ಚಕ್ರಕ್ಕೆ ಎದುರಾಗುವ ತಡೆ ಟೈರಿಗಿರುವುದರ ಸಣ್ಣ ಭಾಗ ಮಾತ್ರ.

ಕೆನಡಾದ ಒಟ್ಟಾವಾ ಎರಡನ್ನೂ ಉಂಡ ನಗರ. 1983ರಿಂದ ಅಲ್ಲಿ ಕಟ್ಟಿದ ಬಸ್ ಮಾರ್ಗ ಹೊರವಲಯದಲ್ಲಿ ಚೆನ್ನಾಗಿಯೇ ಓಡಿತು. ನಗರದ ನಡುಭಾಗದ ಬೀದಿಗಳಲ್ಲಿ ಮಾತ್ರ ಬಸ್ಸುಗಳು ಒಂದರ ಹಿಂದೊಂದು ಸಾಲುಗಟ್ಟಿದವು. ಮುಂದೊಂದು ದಿನ ಹಳಿ ಹಾಕಲು ಬರುವಂತೆ ಮಾರ್ಗವನ್ನು ಮೊದಲೇ ರೂಪಿಸಿದ್ದರಿಂದ 2019ರಲ್ಲಿ ಅದರ ಮುಖ್ಯ ಭಾಗ, ನಡುನಗರದಲ್ಲೊಂದು ಸುರಂಗದೊಡನೆ, ಲಘು ರೈಲಾಯಿತು. 2021ರಲ್ಲಿ ಆರು ವಾರಗಳ ಅಂತರದಲ್ಲಿ ರೈಲು ಎರಡು ಸಲ ಹಳಿ ತಪ್ಪಿ, ಎರಡನೆಯ ಸಲ ಇಡೀ ಮಾರ್ಗ ನವೆಂಬರಿನವರೆಗೆ ಮುಚ್ಚಿದಾಗ, ಪ್ರಯಾಣಿಕರನ್ನು ಸಾಗಿಸಲು ಬೀದಿಗಿಳಿದದ್ದು ಬಸ್ಸುಗಳೇ.