ಒಂದು ಸೊರಾರಿಟಿಗೆ ಸೇರಿದ ಮಗಳು ಇನ್ನೊಂದಕ್ಕೂ ಸೇರಬಹುದೇ?

ಪ್ರಶ್ನೆ: ಮಗಳು ಟೆಕ್ಸಾಸ್‌ನಲ್ಲಿ ಪದವಿ ಓದುತ್ತಿದ್ದಾಳೆ, ಒಂದು ಸೊರಾರಿಟಿಯ (ಅಮೆರಿಕದ ಕಾಲೇಜುಗಳಲ್ಲಿನ ವಿದ್ಯಾರ್ಥಿನಿಯರ ಸಂಘದ) ಸದಸ್ಯೆ. ಈಗ ಬಿಸಿನೆಸ್ ಫ್ರೆಟರ್ನಿಟಿಗೂ (ವಾಣಿಜ್ಯ ವಿದ್ಯಾರ್ಥಿಗಳ ಸಂಘಕ್ಕೂ) ದಕ್ಷಿಣ ಏಷ್ಯಾ ಮೂಲದ ಹುಡುಗಿಯರ ಸೊರಾರಿಟಿಗೂ ಸೇರುತ್ತೇನೆ ಎನ್ನುತ್ತಾಳೆ. ಇದಕ್ಕೆ ಅವಕಾಶ ಇದೆಯೇ?

ಉತ್ತರ: ಬಿಸಿನೆಸ್ ಫ್ರೆಟರ್ನಿಟಿಗೆ ಸಾಮಾನ್ಯವಾಗಿ ಸೇರಬಹುದು. ಇನ್ನೊಂದು ಸೊರಾರಿಟಿ ಮಾತ್ರ ಬಹುಮಟ್ಟಿಗೆ ಸಾಧ್ಯವಿಲ್ಲ.

ಹೆಸರಿನಲ್ಲಿ ಗ್ರೀಕ್ ಅಕ್ಷರಗಳಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಜಾತಿಯ ಸಂಘಗಳಲ್ಲ. ಒಟ್ಟಿಗೆ ವಾಸ, ಗೆಳೆತನ, ಜೀವನಪೂರ್ತಿ ನಂಟು ಎಂದು ನಡೆಯುವವು ಸಾಮಾಜಿಕ ಸಂಘಗಳು; ಸೊರಾರಿಟಿಗಳು ಈ ಬಗೆಯವು. ಡೆಲ್ಟಾ ಸಿಗ್ಮಾ ಪೈ, ಆಲ್ಫಾ ಕಪ್ಪಾ ಸೈ ವಾಣಿಜ್ಯ ವಿದ್ಯಾರ್ಥಿಗಳ ವೃತ್ತಿಪರ ಸಂಘಗಳು. ಇವುಗಳಿಗೆ ಹುಡುಗ ಹುಡುಗಿಯರಿಬ್ಬರೂ ಸೇರುತ್ತಾರೆ. ಆಲ್ಫಾ ಫೈ ಒಮೇಗಾ ಸೇವಾ ಸಂಘ. 1776ರಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಇಂದು ಓದಿನಲ್ಲಿ ಮುಂದಿರುವವರನ್ನು ಗೌರವಿಸುವ ಸಂಘ. ಸಾಮಾಜಿಕ ಸಂಘವೊಂದರ ಜೊತೆಗೆ ಬೇರೆ ಬಗೆಯವುಗಳಲ್ಲಿ ಇರುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಎರಡು ಸಾಮಾಜಿಕ ಸಂಘಗಳು, ಅಥವಾ ಒಂದೇ ವೃತ್ತಿಯ ಎರಡು ಸಂಘಗಳು ಸಾಮಾನ್ಯವಾಗಿ ಕೂಡದು. ಮೇಲೆ ಹೇಳಿದ ಎರಡು ವಾಣಿಜ್ಯ ಸಂಘಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ಸೊರಾರಿಟಿಗಳ ನಿಯಮ ಎಲ್ಲಕ್ಕಿಂತ ಬಿಗಿ. 1902ರಲ್ಲಿ ಆರಂಭವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದ ಒಂದು ಸೊರಾರಿಟಿಯಲ್ಲಿ ದೀಕ್ಷೆ (ಪೂರ್ಣ ಸದಸ್ಯೆಯಾಗಿಸುವ ವಿಧಿ) ಪಡೆದವಳು ಆ ಒಕ್ಕೂಟದ ಮತ್ತೊಂದಕ್ಕೆ ಎಂದೂ ಸೇರುವಂತಿಲ್ಲ. ರಾಜೀನಾಮೆ ಕೊಟ್ಟರೂ, ಹೊರಹಾಕಿದರೂ, ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೋದರೂ ಅಷ್ಟೇ. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಮಾಡಿದ ಆಯ್ಕೆಗೆ ಜೀವಮಾನದ ಬೀಗ ಹಾಕುವುದು ಕಠೋರವೆಂದೇ ನನಗನ್ನಿಸುತ್ತದೆ. ಆದರೆ ಸದಸ್ಯರನ್ನು ಸೆಳೆದುಕೊಳ್ಳುವ ಜಗಳಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂಘಗಳು ಬೇಸತ್ತಿದ್ದವು ಎಂಬುದನ್ನೂ ನೆನೆಯಬೇಕು.

ದೀಕ್ಷೆಗೆ ಮೊದಲು ಹೊರಬರಲು ಅವಕಾಶವಿದೆ. ಆಹ್ವಾನ ಒಪ್ಪಿ ಸಹಿ ಹಾಕಿದ ಮೇಲೆ ದೀಕ್ಷೆಯವರೆಗೆ ಕೆಲವು ವಾರ ಹೊಸ ಸದಸ್ಯೆಯಾಗಿ ಕಳೆಯುತ್ತಾರೆ. ಸಂಘದ ಚರಿತ್ರೆ ಕಲಿಯುವುದು, ಹಿರಿಯ ಸದಸ್ಯೆಯೊಬ್ಬಳ ಜೊತೆಗೂಡುವುದು ಎಲ್ಲ ಆಗಲೇ. ಮನಸ್ಸು ಒಪ್ಪದಿದ್ದರೆ ಆ ವಾರಗಳಲ್ಲೇ ಹೊರಬರಬೇಕು. ಅದೇ ಕ್ಯಾಂಪಸ್ಸಿನಲ್ಲಿ ಒಕ್ಕೂಟದ ಇನ್ನೊಂದು ಸೊರಾರಿಟಿಗೆ ಸೇರಲು ಮುಂದಿನ ವರ್ಷದ ಮುಖ್ಯ ಆಯ್ಕೆ ಸುತ್ತಿನವರೆಗೆ ಕಾಯಬೇಕಾಗುತ್ತದೆ, ಆದರೆ ಬಾಗಿಲು ಮುಚ್ಚುವುದಿಲ್ಲ. ದೀಕ್ಷೆಯ ಸಮಾರಂಭ ಮುಗಿದು ಹೆಸರು ಸದಸ್ಯರ ಪಟ್ಟಿಗೆ ಸೇರಿದ ಮೇಲೆ ಹಿಂದೆಗೆಯಲಾಗದು.

ದಕ್ಷಿಣ ಏಷ್ಯಾ ಸೊರಾರಿಟಿಯ ವಿಷಯ ಸ್ವಲ್ಪ ಬೇರೆ. ಅಂಥದ್ದೊಂದಾದ ಕಪ್ಪಾ ಫೈ ಗಾಮಾ 1998ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲೇ ಆರಂಭವಾಯಿತು. ಇಂಥವು ಪ್ಯಾನ್‌ಹೆಲೆನಿಕ್ ಒಕ್ಕೂಟದಲ್ಲಿಲ್ಲದ ಕಾರಣ ಅದರ ನಿಷೇಧ ಇವಕ್ಕೆ ತಾಗದು. ಆದರೂ ಎರಡು ಸಂಘಗಳಲ್ಲಿ ಯಾವುದಾದರೂ ಒಂದರ ನಿಯಮಾವಳಿ ಇನ್ನೊಂದು ಸಾಮಾಜಿಕ ಸಂಘ ಬೇಡವೆಂದರೆ ಅಲ್ಲಿಗೆ ಮುಗಿಯಿತು, ಮತ್ತು ಹಾಗೆ ಹೇಳುವುದೇ ಹೆಚ್ಚು. ಕ್ಯಾಂಪಸ್ ಘಟಕದ ಅಧ್ಯಕ್ಷೆಯೂ ವಿದ್ಯಾರ್ಥಿನಿಯೇ ಆದ್ದರಿಂದ ಆಕೆಯ ಬಾಯಿಮಾತನ್ನು ನೆಚ್ಚಿಕೊಳ್ಳಬೇಡಿ. ಎರಡೂ ಸಂಘಗಳ ರಾಷ್ಟ್ರೀಯ ಕಚೇರಿಗೆ ಮಗಳೇ ಇಮೇಲ್ ಬರೆದು ಉತ್ತರವನ್ನು ಬರಹದಲ್ಲಿ ಪಡೆಯಲಿ; ಅದು ಕೈಸೇರುವವರೆಗೆ ಯಾವ ಆಹ್ವಾನಕ್ಕೂ ಸಹಿ ಹಾಕದಿರಲಿ.