ಟಿಪ್ಪು ಬಂದೂಕಿನ ಮೇಲೆ ಚಿನ್ನ ನಿಂತದ್ದು ಹೇಗೆ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಶಸ್ತ್ರಾಗಾರದ ಎಷ್ಟೋ ಬಂದೂಕುಗಳು ಬ್ರಿಟನ್ನಿನ ಅರಮನೆ, ಮ್ಯೂಸಿಯಂಗಳನ್ನು ಸೇರಿದವು. ಅವುಗಳಲ್ಲಿ ಹಲವು ಶ್ರೀರಂಗಪಟ್ಟಣದಲ್ಲೇ ತಯಾರಾದ ಚಕಮಕಿ ಕಲ್ಲಿನ ಬಂದೂಕುಗಳು. ಉಕ್ಕಿನ ಮೇಲೆ ಚಿನ್ನದ ಹುಲಿಪಟ್ಟೆ, ಫಾರ್ಸಿ ಬರಹ, ಬಳ್ಳಿ. ಈ ಚಿನ್ನಕ್ಕೆ ಬೆಸುಗೆಯೂ ಇಲ್ಲ, ಅಂಟೂ ಇಲ್ಲ.

ಆ ಕಾಲಕ್ಕೆ ತಾಮ್ರ, ಬೆಳ್ಳಿಗೆ ಚಿನ್ನದ ಲೇಪ ಕೊಡುವ ಸುಲಭ ದಾರಿ ಪಾದರಸದ್ದು. ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬಳಿದು ಕಾಯಿಸಿದರೆ ಪಾದರಸ ಹಾರಿಹೋಗಿ ಚಿನ್ನ ಉಳಿಯುತ್ತದೆ. ಆದರೆ ಕಬ್ಬಿಣ ಪಾದರಸದೊಡನೆ ಬೆರೆಯುವುದೇ ಇಲ್ಲ. ಪಾದರಸವನ್ನು ಕಬ್ಬಿಣದ ಪಾತ್ರೆಯಲ್ಲಿ ತುಂಬಿ ಸಾಗಿಸುತ್ತಿದ್ದದ್ದೂ ಇದೇ ಕಾರಣಕ್ಕೆ. ಹಾಗಾಗಿ ಉಕ್ಕಿಗೆ ಬೇರೆ ಉಪಾಯ ಬೇಕಾಯಿತು: ಕೋಫ್ತಗಾರಿ.

ಮೊದಲು ಉಕ್ಕನ್ನು ನೀಲಿ ಬಣ್ಣಕ್ಕೆ ತಿರುಗುವವರೆಗೆ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ, ಕಾಯಿಸುತ್ತಾರೆ. ಆಮೇಲೆ ಗಟ್ಟಿ ಉಳಿಯಿಂದ ಎರಡು ಮೂರು ದಿಕ್ಕಿಗೆ ಒತ್ತೊತ್ತಾಗಿ ಗೀರು ಹಾಕುತ್ತಾರೆ. ಗಾರೆ ಹಿಡಿಯಲೆಂದು ಗೋಡೆಗೆ ಕಚ್ಚು ಹೊಡೆಯುತ್ತಾರಲ್ಲ, ಅದೇ ಕೆಲಸ, ಕೂದಲಿನಷ್ಟು ಸಣ್ಣ ಅಳತೆಯಲ್ಲಿ. ಸೂಜಿಯಿಂದ ಚಿತ್ರ ಗುರುತು ಮಾಡಿ, ಚಿನ್ನದ ಎಳೆಯನ್ನು ಗೆರೆಯುದ್ದಕ್ಕೂ ಒತ್ತಿ, ಹಗುರಾಗಿ ಬಡಿಯುತ್ತಾರೆ. ಅಗಲ ಜಾಗ ತುಂಬಬೇಕಾದರೆ ಎಳೆಯ ಪಕ್ಕ ಎಳೆ. ಮತ್ತೆ ಕಾಯಿಸಿ ಅಕೀಕ್ ಕಲ್ಲಿನಿಂದ ಉಜ್ಜಿದರೆ ಎಳೆಗಳು ಕೂಡಿಕೊಳ್ಳುತ್ತವೆ, ಚಿನ್ನವಿಲ್ಲದ ಕಡೆಯ ಗೀರುಗಳು ಬಹುಮಟ್ಟಿಗೆ ಮುಚ್ಚುತ್ತವೆ. ಚಿನ್ನ ಅಪ್ಪಟವಾಗಿರಬೇಕು, ತಾಮ್ರ ಬೆರೆತರೆ ಗಡುಸಾಗಿ ಗೀರಿನೊಳಗೆ ಇಳಿಯುವುದಿಲ್ಲ. ಗೀರು ಆಳವಿಲ್ಲದಿದ್ದರೆ ಉಜ್ಜುವಾಗಲೇ ಎಳೆ ಎದ್ದು ಬರುತ್ತದೆ. ಕಿಡಿ ಹಾರಿಸುವ ಉಕ್ಕಿನ ಫಲಕವನ್ನು ಹದಮಾಡಿದ ಮೇಲೆ ಈ ಶಾಖಕ್ಕೆ ಒಡ್ಡುವಂತಿಲ್ಲ. ಅದು ಮೆತ್ತಗಾದರೆ ಚಕಮಕಿ ಕಲ್ಲು ಎಷ್ಟು ಬಡಿದರೂ ಕಿಡಿ ಸರಿಯಾಗಿ ಏಳದು.

ಇನ್ನೊಂದು ವಿಧಾನ ತಹನಿಶಾನ್. ಬುಡ ಅಗಲ, ಬಾಯಿ ಕಿರಿದಾದ ಕಾಲುವೆ ಕೊರೆದು ಅದರೊಳಗೆ ಎಳೆ ಬಡಿಯುವುದು. ಬೀದರಿನ ಬಿದ್ರಿ ಕೆಲಸಗಾರರು ಸತುವಿನ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸುವುದೂ ಹೆಚ್ಚುಕಡಿಮೆ ಹೀಗೆಯೇ. ಚಿನ್ನ ಜಾಸ್ತಿ ಬೇಕು, ಬಾಳಿಕೆಯೂ ಜಾಸ್ತಿ.

ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಇದ್ದರೆ ಎರಡನ್ನೂ ಗುರುತಿಸಬಹುದು. ಚಿನ್ನ ಸವೆದ ಕಡೆ ಜಾಲರಿಯಂಥ ಗೀರು ಕಂಡರೆ ಕೋಫ್ತಗಾರಿ; ಖಾಲಿ ಕಾಲುವೆ ಕಂಡರೆ ತಹನಿಶಾನ್. ಎರಡೂ ಇಲ್ಲದೆ ತುಕ್ಕಿನ ಗುಳಿಯೊಳಗೂ ಚಿನ್ನ ಹರಡಿದ್ದರೆ ಅದು ಆಮೇಲೆ ಕೊಟ್ಟ ಲೇಪ ಎಂದು ಅನುಮಾನಿಸಬೇಕು. ಟಿಪ್ಪು ತನ್ನ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದುದರಿಂದ ಇಸವಿ ಓದುವಾಗಲೂ ಎಚ್ಚರ ಬೇಕು: 5221 ಎಂದು ಕಂಡದ್ದು 1225, ಅಂದರೆ ನಮ್ಮ 1790ರ ದಶಕದ ಕೊನೆಯ ಭಾಗ.

ಕೋಫ್ತಗಾರಿಯ ಶತ್ರು ತೇವ. ಚಿನ್ನ ತಾನು ಕೆಡದು, ಆದರೆ ತೇವದಲ್ಲಿ ಪಕ್ಕದ ಕಬ್ಬಿಣವನ್ನು ಇನ್ನೂ ಬೇಗ ತುಕ್ಕಿಗೆ ತಳ್ಳುತ್ತದೆ. ತುಕ್ಕು ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುವುದರಿಂದ ಚಿನ್ನವನ್ನು ಕೆಳಗಿನಿಂದ ಎತ್ತಿಬಿಡುತ್ತದೆ. ಕರಿಮದ್ದು ಉರಿದರೆ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲಿ ಉಳಿಯುತ್ತದೆ. ಅದರಲ್ಲಿರುವ ಪೊಟ್ಯಾಶಿಯಂ ಕಾರ್ಬೋನೇಟ್ ಗಾಳಿಯ ನೀರನ್ನೇ ಹೀರುತ್ತದೆ. ಮದ್ದಿನ ಬಟ್ಟಲಿನ ಸುತ್ತ ಅಲಂಕಾರ ಮೊದಲು ಹಾಳಾಗುವುದು ಇದರಿಂದಲೇ.

ಇಂಥದ್ದು ಕೈಗೆ ಬಂದರೆ ಮೊದಲು ಅದು ಖಾಲಿಯೇ ಎಂದು ನೋಡಬೇಕು. ಬಾಯಿಯ ಎದುರು ಯಾರೂ ನಿಲ್ಲದೆ, ಮರದ ಕಡ್ಡಿಯನ್ನು ಮೆಲ್ಲಗೆ ತಳದವರೆಗೆ ಇಳಿಸಿ ಗುರುತು ಹಾಕಿ, ಹೊರಗೆ ನಳಿಗೆಯ ಪಕ್ಕ ಹಿಡಿಯಿರಿ. ಕಡ್ಡಿ ಕಿಡಿತೂತಿನ (ಮದ್ದಿನ ಬಟ್ಟಲಿನ ಬೆಂಕಿ ನಳಿಗೆಯೊಳಗೆ ಹೋಗುವ ತೂತು) ನೇರಕ್ಕೆ ಮುಟ್ಟದಿದ್ದರೆ ಒಳಗೆ ಏನೋ ಇದೆ; ಕೆದಕದೆ ತಿಳಿದವರಿಗೆ ಒಪ್ಪಿಸಿ. ಹಿತ್ತಾಳೆ ತಿಕ್ಕುವ ಪಾಲಿಶ್, ಹುಣಸೆಹಣ್ಣು, ಮರಳುಕಾಗದ ಬೇಡವೇ ಬೇಡ. ಒಂದೇ ಭಾನುವಾರದ ಉತ್ಸಾಹಕ್ಕೆ ಚಿನ್ನ ಅಳಿಸಿಹೋಗುತ್ತದೆ. ಮೆತ್ತನೆಯ ಬ್ರಷ್‌ನಿಂದ ದೂಳು ತೆಗೆದು, ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ, ಹತ್ತಿಯ ಕೈಗವಸು ಬಿಟ್ಟು ನೈಟ್ರೈಲ್ ಗವಸು ಹಾಕಿಕೊಂಡು ಎತ್ತಿಡಿ. ಹತ್ತಿಯ ನೂಲು ಎದ್ದ ಎಳೆಗೆ ಸಿಕ್ಕಿಕೊಂಡು ಅದನ್ನೂ ಕಿತ್ತು ತರುತ್ತದೆ.